ಎಡಗಾಲಿನ ಮೇಲೆ ಕಣ್ಣು

ಮೊನ್ನೆ ಔಷಧಿ ಅಂಗಡಿಯಲ್ಲಿ ಕೆಮ್ಮಿನ ಬಾಟಲಿಯೊಂದನ್ನು ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸುತ್ತ ನಿಂತಿದ್ದೆ. ಅಂಗಡಿಯವನು, “ಒಳಗೆ ಔಷಧೀನೇ ಐತೆ ಸಾರ್, ಬ್ಯಾರೆ ಏನೂ ಇಲ್ಲ” ಅಂದ. ಪಕ್ಕದಲ್ಲಿದ್ದ ನನ್ನ ಹೆಂಡತಿ ಯಾರೋ ಗುರುತಿಲ್ಲದವಳ ಹಾಗೆ ರಸ್ತೆಯ ಕಡೆ ತಿರುಗಿ ನಿಂತಳು. ಈ ಚಾಳಿ ಇವತ್ತು ನಿನ್ನೆಯದಲ್ಲ. ಬೆಂಕಿಪೊಟ್ಟಣ, ತೆಂಗಿನಕಾಯಿ, ಕೊರಿಯರ್‌ನವನು ತಂದ ಡಬ್ಬ, ಯಾವುದನ್ನೂ ನಾನು ಅಲ್ಲಾಡಿಸಿ ನೋಡದೆ ಮನೆಯೊಳಕ್ಕೆ ಬಿಟ್ಟುಕೊಂಡವನಲ್ಲ. ಮಗಳು ಹುಟ್ಟಿದಾಗ ನರ್ಸು ಕೂಸನ್ನು ತಂದು ನನ್ನ ಕೈಯಲ್ಲಿಟ್ಟಳು. ಹೆಂಡತಿ ಮಂಚದಿಂದಲೇ, “ಅಲ್ಲಾಡಿಸ್ಬೇಡಿ” ಅಂದಳು.

ಇದರ ಮೂಲ ನಮ್ಮ ರಾಮನಗರದ ರೇಷ್ಮೆಗೂಡಿನ ಮಾರುಕಟ್ಟೆಯಲ್ಲಿದೆ. ಅಪ್ಪ ಗೂಡು ಕೊಂಡು ನೂಲು ಬಿಚ್ಚಿಸುತ್ತಿದ್ದವರು, ಅಂದರೆ ರೀಲರು. ಶಾಲೆಗೆ ರಜೆ ಬಂದರೆ ನನ್ನನ್ನೂ ಮಾರುಕಟ್ಟೆಗೆ ಕರೆದುಕೊಂಡು ಹೋಗುತ್ತಿದ್ದರು. ರೈತರು ತಂದು ಸುರಿದ ಗೂಡಿನ ರಾಶಿಯೊಳಗೆ ಮೊಣಕೈವರೆಗೆ ಕೈ ತೂರಿಸಿ, ತಳದಿಂದ ಒಂದು ಗೂಡು ತೆಗೆದು, ನನ್ನ ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸುತ್ತಿದ್ದರು. ಒಳಗೆ ಹುಳು ಚೆನ್ನಾಗಿ ಕೋಶವಾಗಿದ್ದರೆ ಲೊಟಲೊಟ ಸದ್ದು ಬರುತ್ತದೆ. ಕೊಳೆತು ಅಂಟಿಕೊಂಡಿದ್ದರೆ ಸದ್ದಿಲ್ಲ. “ಮೇಲೆ ಹಳದಿ ಬಂಗಾರದಂಗೆ ಕಾಣ್ತದೆ ಕಣ್ಲಾ, ಒಳಗೆ ಸತ್ತಿರ್ತದೆ. ಯಾವುದನ್ನೂ ನಂಬಬ್ಯಾಡ” ಅನ್ನುತ್ತಿದ್ದರು. ಏಳು ವರ್ಷದ ಹುಡುಗನಿಗೆ ಇಷ್ಟು ಉಪದೇಶ ಸಾಕು. ಅವತ್ತಿನಿಂದ ನಾನು ಯಾವುದನ್ನೂ ನಂಬಿಲ್ಲ.

ಅವರಿಂದ ಕಲಿತ ಇನ್ನೊಂದು ಪಾಠವೂ ಇದೆ. ತನಗೆ ಬೇಕಾದ ರಾಶಿಯನ್ನು ಅಪ್ಪ ಎಂದೂ ಹೊಗಳುತ್ತಿರಲಿಲ್ಲ. ಬೇಡವಾದದ್ದನ್ನು “ಒಳ್ಳೆ ಮಾಲು, ಒಳ್ಳೆ ಮಾಲು” ಎಂದು ಬಾಯ್ತುಂಬ ಹೊಗಳಿ ಮುಂದೆ ಹೋಗುತ್ತಿದ್ದರು. ಬೇಕಾದದ್ದರ ಮುಂದೆ ನಿಂತು ಮುಖ ಹುಳ್ಳಗೆ ಮಾಡಿ, “ಏನ್ ಯಜಮಾನ್ರೇ, ಗೂಡು ಮೆತ್ತಗವೆ, ಡಾಗು ಹಿಡ್ದವೆ” ಎಂದು ಹುಳುಕು ತೆಗೆಯುತ್ತಿದ್ದರು. ರೈತನ ಮುಖ ಬಾಡುತ್ತಿತ್ತು. ಮಧ್ಯಾಹ್ನದ ಹೊತ್ತಿಗೆ ಅದೇ ಗೂಡು ನಮ್ಮ ಗಾಡಿಯಲ್ಲಿರುತ್ತಿತ್ತು. ಯಾರು ಹೆಚ್ಚು ಬಯ್ಯುತ್ತಾರೋ ಅವರೇ ಕೊಳ್ಳುವವರು ಎಂಬುದು ಆ ಮಾರುಕಟ್ಟೆಯ ಅಲಿಖಿತ ಕಾನೂನು.

ಅಪ್ಪ ನನ್ನನ್ನೂ ಹಾಗೇ ಬಯ್ಯುತ್ತಿದ್ದರು, ಅದೂ ನೆಂಟರ ಮುಂದೆ. “ಇವ್ನಾ? ಕೈ ನೋಡಿ, ಬೆಂಡೆಕಾಯಿ ಇದ್ದಂಗೆ ಅವೆ. ಓಡುದ್ರೆ ಉಸಿರು ನಿಲ್ಲಕಿಲ್ಲ. ಇವ್ನ ಕೈಲಿ ಏನಾಯ್ತದೆ” ಅನ್ನುತ್ತಿದ್ದರು. ನಾನು ತರಗತಿಗೆ ಮೊದಲಿಗನಾಗಿ ಬಂದ ವರ್ಷ ಬೈಗುಳ ಇನ್ನೂ ಜಾಸ್ತಿಯಾಯಿತು. ಅದು ಮನಸ್ಸಿನಲ್ಲಿ ಮುಳ್ಳಿನ ಹಾಗೆ ಉಳಿದುಕೊಂಡಿತ್ತು. ಅವರು ತೀರಿಕೊಂಡ ಮೇಲೂ ಉಳಿದಿತ್ತು. ಇರಲಿ, ನಾನು ಹೇಳಹೊರಟದ್ದು ಫುಟ್ಬಾಲಿನ ವಿಷಯ.

ನಾನು ನಮ್ಮೂರ ಫುಟ್ಬಾಲ್ ಟೀಮಿನ ಅಭಿಮಾನಿ. ಆದರೆ ಪಂದ್ಯಗಳಿಗಿಂತ ನನಗೆ ಲೀಗ್ ಶುರುವಾಗುವುದಕ್ಕೆ ಮುಂಚಿನ ಪ್ರಾಕ್ಟೀಸೇ ಮುಖ್ಯ. ಪಂದ್ಯದ ದಿನ ಎಲ್ಲರೂ ಹಳದಿ ಬಂಗಾರದ ಗೂಡುಗಳೇ. ಒಳಗೆ ಸದ್ದು ಇದೆಯೋ ಇಲ್ಲವೋ ಗೊತ್ತಾಗುವುದು ಮುಂಚಿನ ಆ ಒಂದೂವರೆ ತಿಂಗಳಲ್ಲಿ. ಬೆಳಗ್ಗೆ ನನ್ನ ಜೆರಾಕ್ಸ್ ಅಂಗಡಿಯ ಬಾಗಿಲು ತೆಗೆಯುವುದರೊಳಗೆ ಮೈದಾನದ ಕಲ್ಲುಮೆಟ್ಟಿಲ ಮೇಲೆ ಹೋಗಿ ಕೂರುತ್ತೇನೆ. ಎದುರಿಗೆ ಬಂಡೆಬೆಟ್ಟ, ಅದರ ಕೆಳಗೆ ಮೈಸೂರು ರೈಲು, ರೈಲಿನ ಈಚೆ ನಮ್ಮ ಹುಡುಗರು. ವರ್ಷವೆಲ್ಲ ಮದುವೆಮನೆ ಊಟ ಹೊಡೆದು ಹೊಟ್ಟೆ ಬಂದವರು, ಫ್ಯಾಕ್ಟರಿಯ ರಾತ್ರಿ ಪಾಳಿ ಮುಗಿಸಿ ಕಣ್ಣು ಕೆಂಪಾದವರು, ಎಲ್ಲರನ್ನೂ ಕೋಚು ಬಣ್ಣದ ಪ್ಲಾಸ್ಟಿಕ್ ಟೊಪ್ಪಿಗಳ ನಡುವೆ ಹಾವಿನ ಹಾಗೆ ಓಡಿಸುತ್ತಾನೆ. ಒಬ್ಬೊಬ್ಬರನ್ನೂ ಎತ್ತಿ ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸುವ ಹಾಗಿದ್ದಿದ್ದರೆ ಎಂದು ಎಷ್ಟೋ ಸಲ ಅನ್ನಿಸಿದೆ.

ನನ್ನ ಅನುಮಾನಕ್ಕೆ ಕಾರಣವಿಲ್ಲದೆ ಇಲ್ಲ. ಹೋದ ವರ್ಷ ಲೀಗ್ ಇನ್ನೇನು ಶುರುವಾಗಬೇಕು, ಗೋಲು ಕಾಯುವ ನಮ್ಮ ಗೋಲಿ ಹೊಸ ಗ್ಲೌಸ್ ಹಾಕಿಕೊಂಡು ಪ್ರಾಕ್ಟೀಸಿಗೆ ಬಂದ. “ಯಾರು ಕೊಡಿಸಿದರು?” ಎಂದು ನಾನು ಒಬ್ಬನೇ ಕೇಳಿದ್ದು. ಮುಂದಿನ ವಾರ ಅವನು ಚನ್ನಪಟ್ಟಣದ ಟೀಮಿನಲ್ಲಿದ್ದ. ಅದರ ಹಿಂದಿನ ವರ್ಷ ಒಬ್ಬ ಡಿಫೆಂಡರನ್ನು ಕನಕಪುರದವರು ಕರೆದುಕೊಂಡು ಹೋದರು. ಈಗ ನಮ್ಮಲ್ಲಿ ಉಳಿದಿರುವ ಆಸ್ತಿ ಅಂದರೆ ಒಂದು ಎಡಗಾಲು. ಅದು ಚೇತುವಿನದು. ಬಿಡದಿಯ ಕಾರು ಫ್ಯಾಕ್ಟರಿಯಲ್ಲಿ ಕೆಲಸ ಮಾಡುವ ಹುಡುಗನಾದ್ದರಿಂದ ನಾವೆಲ್ಲ ಅವನನ್ನು ಬಿಡದಿ ಚೇತು ಅನ್ನುತ್ತೇವೆ. ಅವನು ಎಡಗಡೆಯಿಂದ ಚೆಂಡನ್ನು ಬಾಗಿಸಿ ಒಳಗೆ ಹಾಕಿದರೆ ಗೋಲಿಗಳು ತಪ್ಪು ಬಸ್ಸು ಹತ್ತಿದವರ ಹಾಗೆ ನೋಡುತ್ತಾರೆ. ಅವನೂ ಹೋದರೆ ಈ ವರ್ಷ ನಮಗೆ ಟೀಮೇ ಇಲ್ಲ.

ನನ್ನ ಜತೆ ಮೆಟ್ಟಿಲ ಮೇಲೆ ಕೂರುವವರು ಅನ್ವರ್ ಭಾಯ್. ಒಂದು ಕಾಲದಲ್ಲಿ ಇದೇ ಟೀಮಿಗೆ ಗೋಲಿಯಾಗಿದ್ದವರು, ಈಗಲೂ ರೀಲಿಂಗ್ ನಡೆಸುತ್ತಾರೆ.

“ನಾಗಣ್ಣ, ಟೀಮು ಈ ಸಲ ಹೆಂಗೈತೆ?” ಎಂದು ದಿನಾ ಕೇಳುತ್ತಾರೆ.

“ಮೇಲ್ನೋಟಕ್ಕೆ ಚೆನ್ನಾಗೇ ಐತೆ ಭಾಯ್. ಅದಕ್ಕೇ ಅನುಮಾನ.”

ಹೀಗಿರುವಾಗ ಒಂದು ಬೆಳಗ್ಗೆ ಹಳೆಯ ಮೊಪೆಡ್ಡಿನಲ್ಲಿ ಒಬ್ಬ ಯಜಮಾನರು ಬಂದರು. ಹೆಗಲ ಮೇಲೆ ಹಸಿರು ಟವಲು, ಬಾಯಲ್ಲಿ ಎಲೆಅಡಿಕೆ. ನಮ್ಮಿಂದ ಮೂರು ಮಾರು ದೂರ, ಬೇವಿನ ಮರದ ಮರೆಯಲ್ಲಿ ಕೂತರು. ಮೈದಾನದಲ್ಲಿ ಇಪ್ಪತ್ತು ಜನ ಓಡುತ್ತಿದ್ದರೂ ಅವರ ಕಣ್ಣು ಚೇತುವೊಬ್ಬನ ಹಿಂದೆಯೇ ಓಡುತ್ತಿತ್ತು. ಪ್ರಾಕ್ಟೀಸು ಮುಗಿಯುವ ಮುಂಚೆಯೇ ಎದ್ದು ಹೋಗಿಬಿಟ್ಟರು. ಆಮೇಲೆ ಮೂರ್ನಾಲ್ಕು ದಿನ ಪತ್ತೆಯಿಲ್ಲ. ಮತ್ತೆ ಒಂದು ದಿನ ಬಂದರು, ಅದೇ ಮರದ ಮರೆ. ಮತ್ತೆ ನಾಪತ್ತೆ. ಬರುವವರು ದಿನಾ ಬರಬೇಕು, ಇಲ್ಲವೆ ಬರಲೇಬಾರದು. ಹೀಗೆ ಬಿಟ್ಟು ಬಿಟ್ಟು ಬರುವವರು ನೋಡಿದ್ದನ್ನು ಎಲ್ಲಿಗೋ ಹೋಗಿ ಒಪ್ಪಿಸುವವರೇ ಇರಬೇಕು ಎಂದುಕೊಂಡೆ.

ಮೂರನೆಯ ಸಲ ಬಂದಾಗ ನಾನೇ ಹತ್ತಿರ ಹೋಗಿ ಕೂತೆ.

“ಯಾವೂರು ಯಜಮಾನ್ರೇ?”

“ಅಕ್ಕೂರು.”

ಅಕ್ಕೂರು ಚನ್ನಪಟ್ಟಣ ತಾಲ್ಲೂಕು. ನಮ್ಮ ಗೋಲಿಯನ್ನು ಹಾರಿಸಿಕೊಂಡು ಹೋದವರ ಕಡೆಯದು. ಆದರೂ ಮುಖದಲ್ಲಿ ಏನೂ ತೋರಿಸದೆ, “ಆ ಎಡಗಡೆ ಹುಡುಗ ಹೆಂಗೆ?” ಎಂದೆ.

ಅವರು ಎಲೆಅಡಿಕೆ ಪಕ್ಕಕ್ಕೆ ಉಗಿದು, “ಏನ್ ಹುಡ್ಗ ಬುಡಿ. ಕಾಲು ಹಂಚಿಕಡ್ಡಿ ಇದ್ದಂಗವೆ. ಒಂದು ಓಟ ಓಡುದ್ರೆ ಏದುಸ್ರು. ಎಡಗಾಲು ಬಲಗಾಲಿಗಿಂತ ಒಸಿ ಸಣ್ಣನೂ ಐತೆ” ಅಂದರು.

ಇನ್ನು ನನಗೆ ಬೇರೆ ಸಾಕ್ಷಿ ಬೇಕಿರಲಿಲ್ಲ. ಮುಖ ಹುಳ್ಳಗೆ ಮಾಡಿದ ರೀತಿ, ಹುಳುಕು ತೆಗೆದ ರೀತಿ, ಅಚ್ಚು ನಮ್ಮಪ್ಪ ಗೂಡಿನ ರಾಶಿಯ ಮುಂದೆ ನಿಂತ ಹಾಗೇ ಇತ್ತು. ಅನ್ವರ್ ಭಾಯ್ ಹತ್ತಿರ ವಾಪಸ್ ಬಂದು ಪಿಸುಗುಟ್ಟಿದೆ. ಅವರೂ ಅದೇ ಮಾರುಕಟ್ಟೆಯಲ್ಲಿ ಕೂದಲು ನರೆಸಿಕೊಂಡವರು.

“ಎಷ್ಟು ಬಯ್ದ?”

“ಕಾಲು ಸಣ್ಣ, ಉಸಿರಿಲ್ಲ ಅಂದ.”

“ಹಂಗಾದ್ರೆ ಕೊಳ್ಳೋನೇ ಅವ್ನು. ಚನ್ನಪಟ್ಣದೋರು ಕಳಿಸವ್ರೆ” ಎಂದು ಅನ್ವರ್ ಭಾಯ್ ತೀರ್ಪು ಕೊಟ್ಟರು.

ಕೋಚಿಗೆ ಹೇಳೋಣವೆಂದರೆ ಅವನ ಮೇಲೂ ನನಗೆ ನಂಬಿಕೆಯಿಲ್ಲ. ಯಾವಾಗಲೂ ನಗುತ್ತಿರುತ್ತಾನೆ. ಹೋದ ವರ್ಷ ಸೋತ ಟೀಮಿನ ಕೋಚು ಹಾಗೆಲ್ಲ ನಗಬಾರದು. ಚೇತುವನ್ನೇ ಕೇಳೋಣವೆಂದರೆ, ಹೋಗುವ ಮನಸ್ಸಿಲ್ಲದವನಿಗೂ ನಾವೇ ದಾರಿ ತೋರಿಸಿದ ಹಾಗಾಗುತ್ತದೆ. ಕಡೆಗೆ ಮಾರುಕಟ್ಟೆಯ ರೋಗಕ್ಕೆ ಮಾರುಕಟ್ಟೆಯದೇ ಮದ್ದು ಎಂದು ತೀರ್ಮಾನಿಸಿದೆ. ಒಬ್ಬ ಹುಳುಕು ತೆಗೆಯುತ್ತಿರುವಾಗ ಇನ್ನೊಬ್ಬ ಪಕ್ಕದಲ್ಲಿ ನಿಂತು ಅದೇ ಮಾಲನ್ನು ಹೊಗಳಿದರೆ ರೈತ ಬೆಲೆಯಲ್ಲಿ ಬಿಗಿಯಾಗುತ್ತಾನೆ, ಕೊಳ್ಳುವವನು ಜಾಗ ಖಾಲಿ ಮಾಡುತ್ತಾನೆ. ನಾನು ಹೊಗಳುವುದು ಎಂದಾಯಿತು.

ಮುಂದಿನ ಸಲ ಯಜಮಾನರು ಬಂದಾಗ ಅವರ ಪಕ್ಕದಲ್ಲೇ ಕೂತು ಶುರುಮಾಡಿದೆ. “ಆಹಾ, ಕಾಲು ನೋಡಿ ಯಜಮಾನ್ರೇ. ಎಂಥ ಮೈಕಟ್ಟು. ಇಂಥ ಹುಡುಗನ್ನ ನಾನು ಕಂಡೇ ಇಲ್ಲ.” ಅವರು ನನ್ನತ್ತ ಗಾಬರಿಯಿಂದ ನೋಡಿ, ಟವಲು ಕೊಡವಿಕೊಂಡು ಒಂದು ಮೆಟ್ಟಿಲು ಆಚೆ ಸರಿದರು. ನಾನೂ ಸರಿದೆ. “ಓಟ ನೋಡಿ, ಜಿಂಕೆ ಇದ್ದಂಗೆ” ಎಂದೆ. ಅವರು ತುಟಿಯೊಳಗೇ ಏನೋ ಅಂದುಕೊಂಡು ಮೂರು ಸಲ ಥೂ ಥೂ ಎಂದು ಗಾಳಿಗೆ ಉಗಿದರು. ಮುಖ ಬೆವರಿತ್ತು. ಕೈಗೆ ಎಟುಕದ ಮಾಲಿನ ಮುಂದೆ ನಿಂತವರ ಮುಖ ಹೀಗೇ ಬೆವರುವುದನ್ನು ನಾನು ಚಿಕ್ಕಂದಿನಿಂದ ಕಂಡಿದ್ದೇನೆ. ಅವತ್ತು ತಟ್ಟೆ ಇಡ್ಲಿ ತಿನ್ನುವಾಗ ಅನ್ವರ್ ಭಾಯ್ ನನ್ನ ಬೆನ್ನು ತಟ್ಟಿ, “ನಿಮ್ಮಪ್ಪನ ಮಗನೇ ನೀನು” ಅಂದರು.

ಆಮೇಲಿನ ಭೇಟಿಯಲ್ಲಿ ನಾನು ಪೂರ್ತಿ ತಯಾರಾಗಿ ಹೋಗಿದ್ದೆ. ಚೇತು ಚೆಂಡು ತೆಗೆದುಕೊಂಡು ಎಡಗಡೆಯ ಗೆರೆಯುದ್ದಕ್ಕೂ ಓಡಿಬರುತ್ತಿದ್ದ. ನಾನು ಎದ್ದು ನಿಂತು, ಇಡೀ ಮೈದಾನಕ್ಕೆ ಕೇಳುವ ಹಾಗೆ, “ಇಂಥ ಎಡಗಾಲು ಇಡೀ ಜಿಲ್ಲೇಲೇ ಇಲ್ಲ. ಮಾಗಡೀಲಿ ಇಲ್ಲ, ಕನಕಪುರದಲ್ಲಿ ಇಲ್ಲ, ಚನ್ನಪಟ್ಣ ಕನಸಲ್ಲೂ ಕಂಡಿಲ್ಲ” ಎಂದೆ. ಮಾತು ಮುಗಿಯಿತೋ ಇಲ್ಲವೋ, ಚೇತುವಿನ ಎಡಗಾಲು ಒಂದು ತಗ್ಗಿನಲ್ಲಿ ಹೊರಳಿ, ಅವನು ಮುಗ್ಗರಿಸಿ ಬಿದ್ದ. ಬಿದ್ದವನು ಏಳಲಿಲ್ಲ.

ಪಕ್ಕದಲ್ಲಿದ್ದ ಯಜಮಾನರು, “ಅಯ್ಯೋ ನನ್ ಮಗ್ನೇ” ಎಂದು ಕೂಗಿ, ಚಪ್ಪಲಿ ಅಲ್ಲೇ ಬಿಟ್ಟು, ಮೆಟ್ಟಿಲುಗಳನ್ನು ಇಳಿದು ಓಡಿದರು. ನಾವೂ ಹಿಂದೆ ಓಡಿದೆವು. ಚೇತು ಪಾದ ಹಿಡಿದುಕೊಂಡು ಕೂತಿದ್ದ. ತಲೆಯೆತ್ತಿ ನೋಡಿ, “ಅಪ್ಪೋ, ನೀನ್ಯಾವಾಗ ಬಂದೆ?” ಅಂದ.

ನಾನು ಪಕ್ಕಕ್ಕೆ ತಿರುಗಿದೆ. ಅನ್ವರ್ ಭಾಯ್ ಬೆಟ್ಟವನ್ನು ನೋಡುತ್ತಿದ್ದರು.

ಕೋಚು ಐಸ್ ತಂದು ಕಟ್ಟುತ್ತಿರುವಾಗ ಎಲ್ಲ ಹೊರಗೆ ಬಂತು. ಯಜಮಾನರ ಹೆಸರು ಪುಟ್ಟಸ್ವಾಮಿ. ಅಕ್ಕೂರಿನಲ್ಲಿ ರೇಷ್ಮೆ ಹುಳು ಸಾಕುತ್ತಾರೆ. ಹುಳುಗಳು ಪೊರೆ ಬಿಡುವಾಗ ತಿನ್ನುವುದು ನಿಲ್ಲಿಸಿ ಮಂಕಾಗಿ ಕೂರುತ್ತವೆ, ಅದಕ್ಕೆ ಜ್ವರ ಅನ್ನುತ್ತಾರೆ. ಜ್ವರದ ದಿನ ಸೊಪ್ಪು ಹಾಕುವ ಕೆಲಸವಿಲ್ಲ. ಹಾಗೆ ಬಿಡುವಾದ ದಿನಗಳಲ್ಲಿ ಮಾತ್ರ ಮಗನ ಆಟ ನೋಡಲು ಕದ್ದು ಬರುತ್ತಿದ್ದರು. ಅಪ್ಪ ನೋಡುತ್ತಿರುವುದು ಗೊತ್ತಾದರೆ ಹುಡುಗನ ಕಾಲು ತಡವರಿಸುತ್ತದೆ ಎಂದು ಮರದ ಮರೆ. ಮೂರ್ನಾಲ್ಕು ದಿನಕ್ಕೊಂದು ಸಲ ಬರುವ ಆ ಲೆಕ್ಕ ಜಿಲ್ಲೆಯ ಯಾವ ಹಳ್ಳಿಯ ಮಗುವಿಗಾದರೂ ಹೊಳೆಯುತ್ತಿತ್ತು. ನನಗೆ ಹೊಳೆಯಲಿಲ್ಲ. ನಮ್ಮ ಮನೆಗೆ ಬರುತ್ತಿದ್ದುದು ಗೂಡು ಮಾತ್ರ. ಆ ಗೂಡು ಕಟ್ಟುವ ಮುಂಚೆ ಹುಳುವೂ ಅದನ್ನು ಸಾಕಿದವರೂ ಪಟ್ಟ ಪಾಡು ರೀಲರ ಮಗನಿಗೆ ಎಲ್ಲಿಂದ ಗೊತ್ತಾಗಬೇಕು.

ಪುಟ್ಟಸ್ವಾಮಿಯವರು ನನ್ನ ಕಡೆ ಬೆರಳು ತೋರಿಸಿ ಮಗನಿಗೆ ಹೇಳಿದರು. “ಈವಯ್ಯಂದೇ ಕಣ್ಣು. ಆವತ್ತಿಂದ ನಿನ್ ಕಾಲ್ನೇ ಹಾಡಿ ಹೊಗಳ್ತಾವ್ನೆ. ನಾನು ಎಷ್ಟು ಬಯ್ದು ಮುಚ್ಚಾಕುದ್ರೂ ಬುಡ್ಲಿಲ್ಲ.”

ಆಮೇಲೆ ಅವರು ಇನ್ನೊಂದು ಮಾತು ಹೇಳಿದರು. ಚನ್ನಪಟ್ಟಣದ ಟೀಮಿನವರು ಎರಡು ವರ್ಷದಿಂದ ಚೇತುವನ್ನು ಕರೆಯುತ್ತಲೇ ಇದ್ದಾರಂತೆ. ಕಳಿಸದೆ ಇದ್ದವರು ಇದೇ ಯಜಮಾನರು. ಅಲ್ಲಿ ಆಡಿದರೆ ಊರಿನವರು, ನೆಂಟರು, ದಾಯಾದಿಗಳು ಎಲ್ಲ ನೋಡಲು ಬರುತ್ತಾರೆ, ದೃಷ್ಟಿಯಾಗುತ್ತದೆ ಎಂದು ಅವರೇ ಮಗನನ್ನು ಪರಿಚಯವಿಲ್ಲದ ಜಾಗವೆಂದು ರಾಮನಗರಕ್ಕೆ ಕಳಿಸಿದ್ದು. “ಇಲ್ಲೇ ಇಂಥ ಕಣ್ಣು ಇದ್ಮೇಲೆ ಊರ್ನೋರೇ ವಾಸಿ. ಕಾಲು ನೆಟ್ಟಗಾಗ್ಲಿ, ಚನ್ನಪಟ್ಣಕ್ಕೇ ಹೋಗು” ಅಂದರು.

ಯಾವುದು ಆಗಬಾರದೆಂದು ನಾನು ಇಷ್ಟು ದಿನ ಕಾವಲು ಕೂತಿದ್ದೆನೋ ಅದನ್ನು ನನ್ನ ಬಾಯಿಂದಲೇ ಮಾಡಿಸಿಕೊಂಡಿದ್ದೆ. ಹುಡುಗರೆಲ್ಲ ನನ್ನನ್ನೇ ನೋಡುತ್ತಿದ್ದರು. ಇಷ್ಟು ವರ್ಷ ನಾನು ಅವರನ್ನು ನೋಡಿದ ಹಾಗೆಯೇ, ತಲೆಯಿಂದ ಕಾಲಿನವರೆಗೆ, ಒಳಗೆ ಏನಿದೆಯೋ ಅನ್ನುವ ಹಾಗೆ ನೋಡುತ್ತಿದ್ದರು.

ಪುಟ್ಟಸ್ವಾಮಿಯವರು ಮೆಲ್ಲಗೆ ನನ್ನ ಹತ್ತಿರ ಬಂದು ಬಗ್ಗಿ ನಿಂತರು. ಕಾಲಿಗೆ ಬೀಳುತ್ತಿದ್ದಾರೇನೋ ಎಂದು ಹೆದರಿ ಹಿಂದಕ್ಕೆ ಸರಿಯಹೋದೆ.

“ಸ್ವಾಮಿ, ಒಸಿ ಕಾಲೆತ್ತಿ.”

ನನಗೆ ಅರ್ಥವಾಯಿತು. ದೃಷ್ಟಿ ಹಾಕಿದವರ ಕಾಲಡಿಯ ಮಣ್ಣು ತೆಗೆದು, ಉಪ್ಪು ಮೆಣಸಿನಕಾಯಿಯ ಜತೆ ನಿವಾಳಿಸಿ ಬೆಂಕಿಗೆ ಹಾಕುವುದು ನಮ್ಮ ಕಡೆ ಮನೆಮನೆಯಲ್ಲೂ ಇದೆ. ಆದರೆ ಅದನ್ನು ಆ ಮನುಷ್ಯನಿಗೆ ಗೊತ್ತಾಗದ ಹಾಗೆ, ಅವನು ಆಚೆ ಹೋದ ಮೇಲೆ ತೆಗೆಯುತ್ತಾರೆ. ಹೀಗೆ ಎದುರಿಗೆ ನಿಂತು ಕೇಳಿದವರನ್ನು ನಾನು ಕಂಡಿರಲಿಲ್ಲ. ಒಂದು ಗಳಿಗೆ ಮೈಯೆಲ್ಲ ಉರಿಯಿತು. ಡಿಗ್ರಿ ಓದಿದವನು, ಊರಲ್ಲಿ ನಾಲ್ಕು ಜನ ನಮಸ್ಕಾರ ಹೊಡೆಯುವವನು, ಇಪ್ಪತ್ತು ಹುಡುಗರ ಮುಂದೆ ಕೆಟ್ಟ ಕಣ್ಣಿನವನಾಗಿ ನಿಲ್ಲುವುದೇ ಎಂದುಕೊಂಡೆ. ಆಮೇಲೆ ಪಾದ ಹಿಡಿದು ಕೂತಿದ್ದ ಚೇತುವಿನ ಮುಖ ನೋಡಿದೆ. ಚಪ್ಪಲಿ ಬಿಟ್ಟು ಬಲಗಾಲೆತ್ತಿದೆ. ಅವರು ಒಂದು ಚಿಟಿಕೆ ಮಣ್ಣು ತೆಗೆದು ಟವಲಿನ ಚುಂಗಿಗೆ ಕಟ್ಟಿಕೊಂಡರು. ಅನುಮಾನ ಬೇಡವೆಂದು ಎಡಗಾಲನ್ನೂ ಎತ್ತಿದೆ.

ಅವತ್ತು ಮಧ್ಯಾಹ್ನವೆಲ್ಲ ಅಂಗಡಿಯಲ್ಲಿ ಜೆರಾಕ್ಸ್ ಮಾಡುತ್ತ ನನಗೆ ಬೇರೆಯದೇ ಯೋಚನೆ. “ಎಷ್ಟು ಬಯ್ದು ಮುಚ್ಚಾಕುದ್ರೂ ಬುಡ್ಲಿಲ್ಲ” ಎಂಬ ಮಾತು ಕಿವಿಯಲ್ಲೇ ಇತ್ತು. ಬೈಗುಳದಿಂದ ಮುಚ್ಚಿಡುವುದು ಎಂದು ಒಂದಿದೆಯೆಂದು ನನಗೆ ಗೊತ್ತೇ ಇರಲಿಲ್ಲ. ತರಗತಿಗೆ ಮೊದಲಿಗನಾಗಿ ಬಂದ ವರ್ಷ ಅಪ್ಪ ಯಾಕೆ ಅಷ್ಟು ಜಾಸ್ತಿ ಬಯ್ದರು ಎಂದು ಮೊದಲ ಸಲ ಹೊಳೆಯಿತು. ಅವರ ಮಾರುಕಟ್ಟೆಯ ಕಾನೂನಿನ ಪ್ರಕಾರವೂ ಅವರು ಬಯ್ಯುತ್ತಿದ್ದುದು ಬೇಕಾದದ್ದನ್ನೇ ಅಲ್ಲವೆ? ಎಲ್ಲವನ್ನೂ ಅಲ್ಲಾಡಿಸಿ ನೋಡುವ ನಾನು ಅಪ್ಪನ ಆ ಮಾತನ್ನು ಮಾತ್ರ ಒಂದು ಸಲವೂ ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಿರಲಿಲ್ಲ. ಗಿರಾಕಿಯೊಬ್ಬರ ಆಧಾರ್ ಕಾರ್ಡು ತಲೆಕೆಳಗಾಗಿ ಹತ್ತು ಪ್ರತಿ ಬಂದವು. ನನಗೆ ಅಳು ಬರುತ್ತಿತ್ತು.

ಚೇತುವಿನ ಕಾಲು ಉಳುಕಿತ್ತಷ್ಟೆ, ಎರಡು ವಾರದಲ್ಲಿ ಸರಿಹೋಯಿತು. ಅವನು ಯಾವ ಮೈದಾನಕ್ಕೆ ಇಳಿಯುತ್ತಾನೋ ಎಂದು ನಾನು ಆ ಎರಡು ವಾರ ಸರಿಯಾಗಿ ಊಟ ಮಾಡಲಿಲ್ಲ. ಒಂದು ಬೆಳಗ್ಗೆ ನೋಡುತ್ತೇನೆ, ನಮ್ಮ ಎಡಗಡೆಯ ಗೆರೆಯ ಮೇಲೆ ಓಡುತ್ತಿದ್ದಾನೆ. ಬೇವಿನ ಮರದ ಕೆಳಗೆ ಮೊಪೆಡ್ಡು. ಈ ಸಲ ಪುಟ್ಟಸ್ವಾಮಿಯವರು ಮರದ ಮರೆಯಲ್ಲಿ ಕೂತಿರಲಿಲ್ಲ.

“ಮೆಣಸಿನಕಾಯಿ ಸುಟ್ರೆ ಒಂದು ಕೆಮ್ಮೂ ಬರ್ಲಿಲ್ಲ ಸ್ವಾಮಿ. ದೃಷ್ಟಿ ಇದ್ದುದ್ದು ನಿಜ” ಎಂದು ಅವರೇ ಮಾತು ತೆಗೆದರು. ಅಂದರೆ ನನ್ನ ಕಣ್ಣು ಕೆಟ್ಟದ್ದೆಂದು ಬೆಂಕಿಯ ಮುಂದೆ ಸಾಬೀತಾಗಿತ್ತು. ಬೇಜಾರಾಯಿತು. “ಆದ್ರೆ ಬೇಕಂತ ಹಾಕ್ದೋರು ಕಾಲೆತ್ತಕಿಲ್ಲ. ನೀವು ಎಲ್ಡೂ ಎತ್ತುದ್ರಿ. ಅದ್ಕೇ ಇಲ್ಲೇ ಆಡ್ಲಿ ಅಂದೆ” ಅಂದರು.

ಎಂದಿಗಿಂತ ಜಾಸ್ತಿ ನಗುತ್ತಿದ್ದ ಕೋಚು ಅವತ್ತು ಹೊಸ ಗೋಲಿಯನ್ನು ನಿಲ್ಲಿಸಿದ್ದ. ಆ ಹುಡುಗನ ಕಾಲಲ್ಲಿ ಹೊಚ್ಚಹೊಸ ಶೂ. ಯಾರು ಕೊಡಿಸಿದರೋ, ಅದನ್ನು ಆಮೇಲೆ ವಿಚಾರಿಸಬೇಕು. ಅಷ್ಟರಲ್ಲಿ ಚೇತು ಗೆರೆಯಂಚಿನಿಂದ ಎಡಗಾಲಲ್ಲಿ ಒಂದು ಹೊಡೆತ ಹೊಡೆದ. ಚೆಂಡು ಆಚೆ ಹೋಗುತ್ತಿರುವಂತೆ ಕಂಡು, ಕಡೆಗಳಿಗೆಯಲ್ಲಿ ಬಾಗಿ, ಕಂಬದ ಒಳಮೈ ಸವರಿಕೊಂಡು ಬಲೆಗೆ ಬಿತ್ತು. ಅನ್ವರ್ ಭಾಯ್ ಎರಡು ಕೈಯಲ್ಲೂ ಬಾಯಿ ಮುಚ್ಚಿಕೊಂಡರು. ಪುಟ್ಟಸ್ವಾಮಿಯವರು ಹೆದರಿಕೆಯಿಂದ ನನ್ನ ಬಾಯನ್ನೇ ನೋಡುತ್ತಿದ್ದರು.

ನಾನು ಒಂದು ಸಲ ಕೆಮ್ಮಿ, ಮುಖ ಹುಳ್ಳಗೆ ಮಾಡಿ ಹೇಳಿದೆ. “ಏನ್ ಆಟ ಬುಡಿ ಯಜಮಾನ್ರೇ. ಕಾಲು ಹಂಚಿಕಡ್ಡಿ ಇದ್ದಂಗವೆ.”

ಅವರ ಮುಖ ಅರಳಿತು. ಟವಲು ಎಳೆದುಕೊಂಡು ಪಕ್ಕಕ್ಕೆ ಸರಿದು ನನಗೆ ಜಾಗ ಮಾಡಿಕೊಟ್ಟರು. ನಾನು ಕೂತೆ. ಆಮೇಲೆ ಅವರು ಮೈದಾನದಿಂದ ಕಣ್ಣು ತೆಗೆಯದೆಯೇ, ತುಂಬ ಮೆಲ್ಲಗೆ, “ಇನ್ನೊಸಿ ಬಯ್ರಿ ಸ್ವಾಮಿ” ಅಂದರು.

ಅಪ್ಪ ನನ್ನನ್ನು ಬಯ್ಯುತ್ತಿದ್ದ ಮಾತುಗಳನ್ನೆಲ್ಲ ಒಂದೊಂದಾಗಿ ನೆನಪು ಮಾಡಿಕೊಂಡು, ಆ ಹುಡುಗನನ್ನು ಬಯ್ಯತೊಡಗಿದೆ.